ಪ್ರಚಾರಕ್ಕೆ ಬಂದ ಮೊಣಕಾಲು

ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಹೊನಾಮಿ ಬಂದರೂರು ಹಮಾಸೆಯ ತನ್ನ ಮನೆಗೆ ಬಂದಾಗ ಬಾಗಿಲ ಒಳಗೆ ಊರುಗೋಲು ಊರಲೂ ಜಾಗವಿರಲಿಲ್ಲ. ಅಲ್ಲೆಲ್ಲ ಗಂಡಸರ ಬೂಟುಗಳೇ ತುಂಬಿಕೊಂಡಿದ್ದವು. ತಾಯಿ ಫುಮಿಯೆ ಅಡುಗೆಮನೆಯಿಂದ ಓಡಿಬಂದು, ಕುಕ್ಕರುಗಾಲಲ್ಲಿ ಕೂತು, ಬೂಟುಗಳನ್ನು ಎರಡೂ ಕೈಯಿಂದ ಪಕ್ಕಕ್ಕೆ ಸರಿಸಿ ಮಗಳಿಗೆ ದಾರಿ ಮಾಡಿದಳು.

"ಯಾರಮ್ಮ ಇವರೆಲ್ಲ?"

"ನಿಮ್ಮಪ್ಪ ನಗರಸಭೆ ಚುನಾವಣೆಗೆ ನಿಲ್ತಾರಂತೆ."

"ಯಾವಾಗ ತೀರ್ಮಾನ ಆಯ್ತು?"

"ನನ್ನನ್ನ ಯಾರು ಕೇಳ್ತಾರೆ? ಎಲ್ರಿಗೂ ಟೀ ಮಾಡು ಅಂದಾಗ್ಲೇ ನನಗೂ ಗೊತ್ತಾಗಿದ್ದು."

ಮುಂದಿನ ಕೋಣೆಯಲ್ಲಿ ತಂದೆ ಇಸಾವೊ ಮಧ್ಯದಲ್ಲಿ ಕೂತಿದ್ದ. ಪಕ್ಕದಲ್ಲಿ ಓಬಾ. ಮೀನುಗಾರರ ಸಂಘದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತನಾದವನು. ಆ ಬಂದರಿನಲ್ಲಿ ಯಾರು ಗೆಲ್ಲಬೇಕೆಂದು ಲೆಕ್ಕ ಹಾಕುವುದೇ ಅವನ ಈಗಿನ ಉದ್ಯೋಗ. ಹೊನಾಮಿ ತಲೆಬಾಗಿ ನಮಸ್ಕರಿಸಿದಳು. ಓಬಾ ಅವಳ ಮುಖ ನೋಡಲಿಲ್ಲ. ಪಟ್ಟಿ ಕಟ್ಟಿದ ಮೊಣಕಾಲನ್ನು ನೋಡಿದ, ಊರುಗೋಲುಗಳನ್ನು ನೋಡಿದ, ಆಮೇಲೆ ತೊಡೆ ತಟ್ಟಿಕೊಂಡ.

"ಇಸಾವೊ ಅವರೇ, ಮನೇಲೇ ಇಂಥದ್ದು ಇಟ್ಕೊಂಡು ನನಗೆ ಹೇಳಲೇ ಇಲ್ವಲ್ರೀ!"

ಕೂತವರೆಲ್ಲ ಹೊಟ್ಟೆತುಂಬ ನಕ್ಕರು. ಇಸಾವೊ ಕೂಡ ನಕ್ಕ.

ಇಸಾವೊನ ಮುರಮಾತ್ಸು ಮನೆತನದ್ದು ಅಕ್ಕಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಹೊನಾಮಿಯ ಅಣ್ಣ ಕೆಂಗೊನನ್ನು ಇಸಾವೊ ಚಿಕ್ಕಂದಿನಲ್ಲೇ ಹುಡುಗರ ಫುಟ್‌ಬಾಲ್ ತಂಡಕ್ಕೆ ಸೇರಿಸಿದ್ದ. ಆ ಹುಡುಗ ಪ್ರತಿ ಪಂದ್ಯಕ್ಕೂ ಮುಂಚೆ ವಾಂತಿ ಮಾಡಿಕೊಳ್ಳುತ್ತಿದ್ದ. ಅವನು ಬಿಟ್ಟ ಅಂಗಿಯನ್ನು ತೊಟ್ಟುಕೊಂಡು ತಂಗಿ ಹೋದಳು. ಹುಡುಗರ ನಡುವೆ ಆಡಿದಳು. ಅವರಿಗಿಂತ ಚೆನ್ನಾಗಿ ಆಡಿದಳು. ಇಸಾವೊಗೆ ಅದು ಗೊತ್ತಾದ ದಿನ ಅವಳನ್ನು ನಿಲ್ಲಿಸಿ, ತರಚಿಹೋದ ಮೊಣಕಾಲು ತೋರಿಸಿ ಹೆಂಡತಿಯ ಮೇಲೆ ಕೂಗಾಡಿದ: "ಹೆಣ್ಣುಮಗಳ ಕಾಲಲ್ಲಿ ಇಂಥ ಕಲೆ ಇದ್ರೆ ಯಾವನೇ ಮದ್ವೆ ಆಗ್ತಾನೆ?" ಮರುದಿನ ಅವಳ ಬೂಟುಗಳು ಕಸದ ಚೀಲದಲ್ಲಿ ಬೀದಿಗೆ ಹೋದವು. ಕಸದ ಲಾರಿ ಬರುವುದರೊಳಗೆ ಫುಮಿಯೆ ಚೀಲ ಬಿಚ್ಚಿ ಅವನ್ನು ತೆಗೆದುಕೊಂಡು ಬಂದಳು. ಅಂದಿನಿಂದ ಆ ಬೂಟುಗಳು ಅಂಗಡಿಯ ವ್ಯಾನಿನಲ್ಲಿ, ಖಾಲಿ ಅಕ್ಕಿಚೀಲವೊಂದರಲ್ಲಿ ಇರತೊಡಗಿದವು. ಅಕ್ಕಿ ಕೊಡಲು ಹೋಗುವ ನೆಪದಲ್ಲಿ ತಾಯಿ ಮಗಳನ್ನು ಅಭ್ಯಾಸಕ್ಕೆ ಬಿಟ್ಟು ಬರುತ್ತಿದ್ದಳು. ಅಜ್ಜಿ ತೊಮಿ ಮಣ್ಣಾದ ಕಾಲುಚೀಲಗಳನ್ನು ಸ್ನಾನದ ಮನೆಯಲ್ಲಿ ಯಾರಿಗೂ ಕಾಣದ ಹಾಗೆ ಒಗೆದು ಹಾಕುತ್ತಿದ್ದಳು.

ಮುಂದೆ ಹೊನಾಮಿ ಹುಡುಗಿಯರ ತಂಡವಿರುವ ದೂರದ ಶಾಲೆಗೆ ಸೇರಿ ಹಾಸ್ಟೆಲಿನಲ್ಲಿ ಬೆಳೆದಳು. ಮೊದಲ ದರ್ಜೆಯ ಕ್ಲಬ್ಬೊಂದು ಸೇರಿಸಿಕೊಂಡು, ಹೆಚ್ಚು ಕಾಲ ಬೆಂಚಿನ ಮೇಲೆ ಕೂರಿಸಿ, ಕೊನೆಗೆ ಕೈಬಿಟ್ಟಿತು. ಆಮೇಲೆ ಬೆಟ್ಟದ ಸೀಮೆಯ ಒಂದು ಊರಿನ ಎರಡನೇ ದರ್ಜೆಯ ಕ್ಲಬ್ಬು. ಅಲ್ಲಿ ಆಟದಿಂದ ಹೊಟ್ಟೆ ತುಂಬುವುದಿಲ್ಲ. ಬೆಳಿಗ್ಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಕೋಸು ಮೂಲಂಗಿ ಜೋಡಿಸುವುದು, ಮಧ್ಯಾಹ್ನ ಅಭ್ಯಾಸ, ಭಾನುವಾರ ಪಂದ್ಯ. ಒಮ್ಮೆ ದೇಶದ ತಂಡದ ಶಿಬಿರಕ್ಕೂ ಕರೆ ಬಂದಿತ್ತು. ಆಡುವ ಅವಕಾಶ ಸಿಗಲಿಲ್ಲ. ಇಷ್ಟು ವರ್ಷವೂ ಗಿರಾಕಿಗಳು ಕೇಳಿದರೆ ಇಸಾವೊ ಹೇಳುತ್ತಿದ್ದುದು ಒಂದೇ: "ಮಗಳು ದೂರದಲ್ಲಿ ತರಕಾರಿ ಅಂಗಡೀಲಿ ಕೆಲಸಕ್ಕಿದ್ದಾಳೆ."

ಈ ಬೇಸಿಗೆಯಲ್ಲಿ ಅವಳ ತಂಡ ಮೊದಲ ದರ್ಜೆಯ ತಂಡವೊಂದನ್ನು ಸೋಲಿಸಿತು. ಅವಳು ಹೊಡೆದ ಗೋಲನ್ನು ಟೀವಿಯಲ್ಲಿ ತೋರಿಸಿದರು. ಅಕ್ಕಿ ಕೊಳ್ಳಲು ಬಂದವರು ಇಸಾವೊನ ಕೈಕುಲುಕಿದರು. ಅದಾದ ಸ್ವಲ್ಪ ದಿನಕ್ಕೇ ಮೊಣಕಾಲಿನ ಲಿಗಮೆಂಟ್ ಹರಿಯಿತು. ಕ್ಲಬ್ಬಿನ ವಸತಿ ಮೂರನೇ ಮಹಡಿಯಲ್ಲಿತ್ತು, ಲಿಫ್ಟಿರಲಿಲ್ಲ. ಬೇರೆ ದಾರಿಯಿಲ್ಲದೆ ಅವಳು ಮನೆಗೆ ಬಂದಿದ್ದಳು. ನವೆಂಬರ್ ಕೊನೆಗೆ ಚುನಾವಣೆ.

ಕರಪತ್ರ ಅಚ್ಚಾಗಿ ಬಂದದ್ದು ಒಂದು ಸಂಜೆ ಊಟದ ಹೊತ್ತಿಗೆ. ಹುರಿದ ಮೀನು, ಮಿಸೊ ಸಾರು, ಮೂಲಂಗಿ ಉಪ್ಪಿನಕಾಯಿ. ಹೊನಾಮಿಗೆ ಕಾಲು ಮಡಚಲು ಆಗದೆ ಅವಳೊಬ್ಬಳೇ ಅಡುಗೆಮನೆಯ ಕುರ್ಚಿಯಲ್ಲಿ ತಟ್ಟೆ ಹಿಡಿದು ಕೂತಿದ್ದಳು. ಕೆಂಗೊ ಒಂದು ಹಾಳೆ ತಂದು ಕೊಟ್ಟ. ಅದರಲ್ಲಿ ಇಸಾವೊನ ಚಿತ್ರದ ಪಕ್ಕದಲ್ಲಿ ಅವಳ ಆಟದ ಚಿತ್ರ. ಕೆಳಗೆ, 'ದಿನವೂ ಬೆಳಗಿನ ಜಾವ ಎದ್ದು ಮಗಳ ಜೊತೆ ಸಮುದ್ರ ದಂಡೆಯಲ್ಲಿ ಓಡಿದ ತಂದೆ. ಈಗ ನಿಮ್ಮ ಜೊತೆ ಓಡುತ್ತಾನೆ.'

"ಅಪ್ಪ, ಇದು ಯಾರ ಅಪ್ಪನ ಕಥೆ?"

"ಊಟ ಮಾಡು."

"ನೀವು ಯಾವತ್ತು ನನ್ನ ಜೊತೆ ಓಡಿದ್ರಿ?"

ಅಜ್ಜಿ ಮೀನಿನ ಮುಳ್ಳು ಬಿಡಿಸುತ್ತ ಹೇಳಿದಳು: "ಓಡಿರಬಹುದು ಕಣೇ, ಕನಸಲ್ಲಿ. ಆ ಹೊತ್ತಿಗೆ ನಿಮ್ಮಪ್ಪನ ಗೊರಕೆ ಬಂದರಿನ ತನಕ ಕೇಳಿಸ್ತಿತ್ತು."

ಕೆಂಗೊಗೆ ಸಾರು ನೆತ್ತಿಗೇರಿತು. ಇಸಾವೊ ಬಟ್ಟಲನ್ನು ಕುಕ್ಕಿದ. "ಅಮ್ಮ, ನೀನು ಸುಮ್ನಿರು. ಚುನಾವಣೆ ಅಂದ್ರೆ ಹೀಗೇ. ಓಬಾ ಅವರು ಬರೆದಿದ್ದು. ಎದುರಾಳಿ ಏನು ಕಡಿಮೆನಾ? ಸತ್ತ ತಾತನ ಹೆಸರಲ್ಲಿ ಅಳ್ತಾ ತಿರುಗ್ತಿದ್ದಾನೆ."

"ಬೂಟನ್ನ ಕಸಕ್ಕೆ ಹಾಕಿದ್ದು ಬರೆಸಲಿಲ್ವಾ?"

"ಅದು ನಿನ್ನ ಒಳ್ಳೇದಕ್ಕೆ ಮಾಡಿದ್ದು. ಕಷ್ಟ ಕೊಟ್ಟಿದ್ದಕ್ಕೇ ನೀನು ಗಟ್ಟಿ ಆಗಿದ್ದು."

ಹೊನಾಮಿ ತಾಯಿಯ ಕಡೆ ನೋಡಿದಳು. ಫುಮಿಯೆ ಎದ್ದು ಗಂಡನ ಬಟ್ಟಲಿಗೆ ಅನ್ನ ಬಡಿಸಿದಳು.

ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಒಲೆ ಆರಲಿಲ್ಲ. ಫುಮಿಯೆ ಮತ್ತು ತೊಮಿ ಬೆಳಗಿನಿಂದ ಅನ್ನದುಂಡೆ ಕಟ್ಟುತ್ತಿದ್ದರು. ಒಳಗೆ ಉಪ್ಪುಹಾಕಿದ ಹುಳಿಕಾಯಿ, ಸುತ್ತಲೂ ಕಡಲ ಪಾಚಿಯ ಹಾಳೆ. ಹೊನಾಮಿ ಕುರ್ಚಿಯಲ್ಲಿ ಕೂತೇ ಅಕ್ಕಿ ತೊಳೆದು ಕೊಡುತ್ತಿದ್ದಳು. ಮತದಾರರಿಗೆ ಟೀ ಬಿಸ್ಕತ್ತು ಬಿಟ್ಟು ಬೇರೇನೂ ತಿನ್ನಿಸಬಾರದೆಂದು ಕಾನೂನಿದೆ. ಹಾಗಾಗಿ ಮುಂದಿನ ಕೋಣೆಯಲ್ಲಿ ಟೀ ಬಿಸ್ಕತ್ತು ಇಟ್ಟು, ಅನ್ನದುಂಡೆಗಳನ್ನು ಹಿಂದಿನ ಗೋದಾಮಿನಲ್ಲಿ ಅಕ್ಕಿಮೂಟೆಗಳ ಮರೆಯಲ್ಲಿ ಇಡುತ್ತಿದ್ದರು. ಬಂದವರು ಕೈತೊಳೆಯುವ ನೆಪದಲ್ಲಿ ಹಿಂದೆ ಹೋಗಿ ಬಾಯಿ ತುಂಬಿಕೊಂಡು, ಒರೆಸಿಕೊಳ್ಳುತ್ತ ಮುಂದೆ ಬರುತ್ತಿದ್ದರು. ಕಾನೂನು ಮೀರಬಾರದೆಂದು ಎಲ್ಲರಿಗೂ ದಿನವೂ ಎಚ್ಚರಿಸುತ್ತಿದ್ದವನು ಓಬಾ. ಹೆಚ್ಚು ತಿನ್ನುತ್ತಿದ್ದವನೂ ಓಬಾ. ಅವನು ಹೋದ ಮೇಲೆ ಮೂಟೆಗಳ ಮೇಲೆ ಉಗಿದ ಹುಳಿಕಾಯಿ ಬೀಜಗಳು ಅಂಟಿಕೊಂಡಿರುತ್ತಿದ್ದವು. ಅವನ್ನು ಫುಮಿಯೆ ಉಗುರಿನಿಂದ ಕಿತ್ತು ತೆಗೆಯುತ್ತಿದ್ದಳು.

ನವೆಂಬರ್ ಮೊದಲಲ್ಲಿ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹೆಂಗಸು ಹೊನಾಮಿಯನ್ನು ಹಿಂದಕ್ಕೂ ಮುಂದಕ್ಕೂ ನಡೆಸಿ ನೋಡಿ, "ಊರುಗೋಲು ಇನ್ನು ಬೇಡ. ನಡೆದಷ್ಟೂ ಒಳ್ಳೇದು, ಕುಂಟೋದು ಅಭ್ಯಾಸ ಆಗಬಾರದು" ಅಂದಳು. ಆ ಮಧ್ಯಾಹ್ನ ಅವಳು ತಾನೇ ನಡೆದು ಮನೆಯೊಳಗೆ ಬಂದಳು. ತೊಮಿ ಚಪ್ಪಾಳೆ ತಟ್ಟಿದಳು. ಇಸಾವೊನ ಮುಖ ಮಾತ್ರ ಇಳಿದುಹೋಯಿತು.

"ಇಷ್ಟು ಬೇಗನಾ?"

"ಸಂತೋಷ ಆಗ್ಲಿಲ್ವಾ ಅಪ್ಪ?"

"ಆಯ್ತಮ್ಮ, ಆಯ್ತು. ಆದ್ರೆ ಮತದಾನ ಮುಗಿಯೋವರೆಗೆ ಹೊರಗಡೆ ಅದನ್ನ ಹಿಡ್ಕೊಂಡಿರು. ಮನೇಲಿ ನಿನಗೆ ಹೇಗೆ ಬೇಕೋ ಹಾಗೆ ಓಡಾಡು."

"ಸುಳ್ಳು ಕುಂಟು ಕುಂಟಲಾ?"

"ಸುಳ್ಳು ಏನು ಬಂತು? ಕಾಲಿಗೆ ಪೆಟ್ಟಾಗಿದ್ದು ನಿಜ ತಾನೆ? ವಾಸಿಯಾಗಿದೆ ಅಂತ ಊರಿಗೆಲ್ಲ ಡಂಗುರ ಹೊಡೀಬೇಕಾ?"

ಅವನು ಹೋದ ಮೇಲೆ ಫುಮಿಯೆ ಮಗಳ ಪಕ್ಕ ಕೂತು ಪಾತ್ರೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಊರುಗೋಲು ಹಿಡ್ಕೊಂಡು ಎರಡು ಸಲ ಪ್ರಚಾರಕ್ಕೆ ಹೋಗಿ ಬಾ ಕಂದ. ಇಲ್ಲಾಂದ್ರೆ ರಾತ್ರಿಯೆಲ್ಲ ನನ್ನ ಮೇಲೆ ಕೂಗಾಡ್ತಾರೆ. ನೀನು ಹೊರಟುಹೋಗ್ತೀಯ. ನಾನು ಇಲ್ಲೇ ಇರ್ಬೇಕು."

ತಾಯಿಗೋಸ್ಕರ ಅವಳು ಹೋದಳು. ವ್ಯಾನಿನ ತಲೆಯ ಮೇಲೆ ಧ್ವನಿವರ್ಧಕ, ಮುಂದೆ ಕೆಂಗೊ, ಹಿಂದೆ ಎದೆಗೆ ಅಡ್ಡಪಟ್ಟಿ ಹಾಕಿ ಬಿಳಿ ಕೈಗವಸು ತೊಟ್ಟ ಇಸಾವೊ. ಬಂದರಿನ ಓಣಿಗಳಲ್ಲಿ ಇಳಿದಾಗಲೆಲ್ಲ ಮುದುಕಿಯರು ಬಂದು ಅವಳ ಕೈಹಿಡಿದು ಕಣ್ಣೀರು ಹಾಕಿದರು. ಒಬ್ಬಾಕೆ ತನ್ನ ಮರದ ಪರ್ಸಿಮನ್ ಹಣ್ಣುಗಳನ್ನು ಚೀಲದಲ್ಲಿ ಹಾಕಿಕೊಟ್ಟು, "ಬೇಗ ನಡೆಯೋ ಹಾಗಾಗು ತಾಯಿ, ದಿನಾ ದೇವರ ಮುಂದೆ ದೀಪ ಹಚ್ಚಿಡ್ತೀನಿ" ಅಂದಳು. ಆಕೆಯ ಕಣ್ಣು ನೋಡಲಾಗದೆ ಹೊನಾಮಿ ನೆಲ ನೋಡಿದಳು. ವ್ಯಾನು ಹತ್ತಿದ ಮೇಲೆ ಓಬಾ ಅದೇ ಹಣ್ಣನ್ನು ಕಚ್ಚುತ್ತ, ರಸ ಸೋರುವ ಕೈಯಿಂದ ಅವಳ ಮೊಣಕಾಲನ್ನು ತಟ್ಟಿದ.

"ಈ ಮೊಣಕಾಲಿದೆಯಲ್ಲ, ಒಂದೊಂದು ಓಣೀಲೂ ವೋಟು ಉದುರಿಸ್ತಿದೆ. ಜೋಪಾನ ಕಣಮ್ಮ."

"ಕೈ ತೆಗೀರಿ."

"ಅಯ್ಯೋ, ಅಪ್ಪನ ವಯಸ್ಸಿನವನು ನಾನು!"

"ಅಪ್ಪನದ್ದೂ ಸಾಕಾಗಿದೆ. ಕೈ ತೆಗೀರಿ."

ಇಸಾವೊ ಕಿಟಕಿಯಿಂದ ಹೊರಗೆ ಕೈಬೀಸುತ್ತಲೇ ಇದ್ದ. ಮನೆಗೆ ಬಂದ ಹೊನಾಮಿ ಸ್ನಾನದ ಮನೆಯಲ್ಲಿ ಮೊಣಕಾಲನ್ನು ಸೋಪು ಹಾಕಿ ತೊಳೆದಳು. ಆದರೂ ಆ ಅಂಟು ಹೋಗಲಿಲ್ಲವೆನ್ನಿಸಿ ಇನ್ನೊಮ್ಮೆ ತೊಳೆದಳು.

ಪ್ರಚಾರದ ಕೊನೆಯ ವಾರ. ಹೊನಾಮಿ ಅಕ್ಕಿ ತೊಳೆಯುತ್ತಿದ್ದಾಗ ಕ್ಲಬ್ಬಿನ ಮ್ಯಾನೇಜರ್ ಸೆರಿಜಾವಾ ಫೋನು ಮಾಡಿದಳು. ಅವಳೂ ಹಿಂದೆ ಆಡಿದವಳು, ಮಾತು ಸುತ್ತಿಬಳಸುವವಳಲ್ಲ.

"ಆಟ ಬಿಡೋದಾದ್ರೆ ಮೊದಲು ನನಗೆ ಹೇಳ್ಬೇಕಿತ್ತು, ಹೊನಾಮಿ."

"ಯಾರು ಬಿಡ್ತಿದ್ದಾರೆ?"

"ನಿಮ್ಮೂರಿನ ಪೇಪರಲ್ಲಿ ಬಂದಿದೆ. ಹುಟ್ಟೂರಿನ ಸೇವೆಗಾಗಿ ಆಟಕ್ಕೆ ವಿದಾಯ ಅಂತ. ನಿಮ್ಮಪ್ಪನೇ ವೇದಿಕೆ ಮೇಲೆ ಹೇಳಿದ್ದಾರೆ. ಮುಂದಿನ ವರ್ಷಕ್ಕೆ ಯಾರನ್ನ ಉಳಿಸ್ಕೋಬೇಕು ಅಂತ ನಾವು ಈಗ್ಲೇ ಕೂತು ಮಾತಾಡ್ತಿದ್ದೀವಿ. ಮೊಣಕಾಲು ಹೋದವಳು, ವಯಸ್ಸು ಇಪ್ಪತ್ತೇಳು, ಅವಳೇ ಬಿಡ್ತಾಳಂತೆ ಅಂದ್ರೆ ನಿನ್ನನ್ನ ಕೈಬಿಡೋಕೆ ಉಳಿದವರಿಗೆ ಸುಲಭ ಆಯ್ತು."

"ನಾನು ಬಿಡ್ತಿಲ್ಲ. ಬಿಡಲ್ಲ. ಇದನ್ನ ಎಲ್ಲರಿಗೂ ಹೇಳಿ."

"ನಾನು ಹೇಳ್ತೀನಿ. ಆದ್ರೆ ಪೇಪರಲ್ಲಿ ಬಂದಿದ್ದು ಅಳಿಸಿಹೋಗಲ್ಲ."

ಹೊನಾಮಿ ಒದ್ದೆ ಕೈಯಲ್ಲೇ ಮುಂದಿನ ಕೋಣೆಗೆ ಹೋದಳು. ಇಸಾವೊ ಕನ್ನಡಿಯ ಮುಂದೆ ನಿಂತು ಅಡ್ಡಪಟ್ಟಿ ಸರಿಮಾಡಿಕೊಳ್ಳುತ್ತಿದ್ದ.

"ನಾನು ಆಟ ಬಿಡ್ತೀನಿ ಅಂತ ಯಾರು ಹೇಳಿದ್ದು?"

"ಓ, ಅದಾ? ಸಭೇಲಿ ಹೆಂಗಸರೆಲ್ಲ ಗೊಳೋ ಅಂತ ಅತ್ತುಬಿಟ್ರು ಗೊತ್ತಾ?"

"ಅಪ್ಪ!"

"ಏನು ಅಪ್ಪ? ಇಪ್ಪತ್ತೇಳು ವರ್ಷ ಆಯ್ತು. ಇನ್ನೆಷ್ಟು ದಿನ ಚೆಂಡು ಒದ್ಕೊಂಡು ಮೂಲಂಗಿ ಜೋಡಿಸ್ತೀಯ? ಇವತ್ತಲ್ಲ ನಾಳೆ ಬಿಡೋದೇ ತಾನೆ? ನಾನು ಸ್ವಲ್ಪ ಮುಂಚೆ ಹೇಳ್ದೆ ಅಷ್ಟೆ. ಅದರಿಂದ ನಾಲ್ಕು ಜನಕ್ಕೆ ಉಪಯೋಗ ಆದ್ರೆ ಆಗ್ಲಿ."

"ನಾಲ್ಕು ಜನಕ್ಕಲ್ಲ, ನಿಮಗೆ."

"ನಾನು ಗೆದ್ರೆ ಈ ಮನೆಗೇ ತಾನೆ ಮರ್ಯಾದೆ? ಭಾನುವಾರದ ತನಕ ಬಾಯಿ ಮುಚ್ಕೊಂಡಿರು. ಆಮೇಲೆ ಬೇಕಾದ್ರೆ ಇಲ್ಲ ಅಂತ ಹೇಳ್ಕೋ, ಯಾರು ಕೇಳ್ತಾರೆ?"

ಅವಳು ಅಡುಗೆಮನೆಗೆ ತಿರುಗಿ ಬಂದಳು. ಫುಮಿಯೆಯ ಅಂಗೈಯಲ್ಲಿ ಅರ್ಧ ಕಟ್ಟಿದ ಅನ್ನದುಂಡೆ ಹಾಗೇ ಇತ್ತು.

"ಅಮ್ಮ, ನಿಂಗೆ ಗೊತ್ತಿತ್ತಾ?"

ಫುಮಿಯೆ ತಲೆಯೆತ್ತಲಿಲ್ಲ. "ಭಾಷಣ ಬರೆದಿದ್ದನ್ನ ಓದಿ ತೋರಿಸಿದ್ರು. ಎಲ್ಲಾದ್ರೂ ತಪ್ಪಿದ್ಯಾ ನೋಡು ಅಂದ್ರು."

"ನೀನೇನಂದೆ?"

"ಎರಡು ಅಕ್ಷರ ತಪ್ಪಿತ್ತು. ತಿದ್ದಿಕೊಟ್ಟೆ."

ಹೊನಾಮಿ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಮೇಲೆ ಹೋದಳು. ಆ ದಿನದ ಅಕ್ಕಿಯನ್ನು ತೊಮಿಯೇ ತೊಳೆದಳು. ಮಧ್ಯೆ ಸೊಸೆಗೆ ಒಂದೇ ಮಾತು ಅಂದಳು: "ಕಸದ ಚೀಲ ಬಿಚ್ಚಿದವಳು ನೀನೇನಾ ಅಂತ ನೋಡ್ತಿದೀನಿ." ಫುಮಿಯೆ ತುಂಬ ಹೊತ್ತು ನಲ್ಲಿಯ ನೀರು ಬಿಟ್ಟುಕೊಂಡು ನಿಂತಿದ್ದಳು.

ಕೊನೆಯ ಸಭೆ ಶನಿವಾರ ಮಧ್ಯಾಹ್ನ, ಮೀನುಗಾರರ ಸಂಘದ ಸಭಾಂಗಣದಲ್ಲಿ. ಇಬ್ಬರು ಯುವಕರು ಹೊನಾಮಿಯನ್ನು ಎರಡೂ ಕಡೆಯಿಂದ ಹಿಡಿದು, ಊರುಗೋಲಿನ ಜೊತೆ ಮೆಟ್ಟಿಲು ಹತ್ತಿಸುವುದೆಂದು ಓಬಾ ಏರ್ಪಾಡು ಮಾಡಿದ್ದ. ಸಭಾಂಗಣದ ಹೊರಗೆ ಕೆಂಗೊ ತಂಗಿ ಕೂತಿದ್ದ ವ್ಯಾನಿನೊಳಗೆ ಇಣುಕಿ ನೋಡಿದ.

"ಊರುಗೋಲು ಎಲ್ಲಿ?"

"ಮನೇಲಿ."

"ಅಪ್ಪ ಸಾಯಿಸಿಬಿಡ್ತಾರೆ."

"ನಿನ್ನನ್ನಲ್ಲ ಬಿಡು."

ಕೆಂಗೊ ಬಾಗಿಲು ತೆಗೆದುಕೊಟ್ಟ. "ನಡಿ. ನಾನಂತೂ ಏನೂ ನೋಡಿಲ್ಲ."

ವೇದಿಕೆಯ ಮೇಲೆ ಇಸಾವೊ ಮೈಕು ಹಿಡಿದು ಕೂಗುತ್ತಿದ್ದ. "ನನ್ನ ಮಗಳು ಇವತ್ತು ನಡೆಯಲಾರಳು! ಆದರೂ ನಿಮಗೆ ಕೈಮುಗಿಯಬೇಕು ಅಂತ ಹಟ ಹಿಡಿದು ಬಂದಿದ್ದಾಳೆ!" ಹಿಂದಿನ ಬಾಗಿಲು ತೆರೆಯಿತು. ಹೊನಾಮಿ ನೆಟ್ಟಗೆ ನಡೆದು ಬಂದಳು. ಕುಂಟಲಿಲ್ಲ, ಅವಸರಪಡಲಿಲ್ಲ. ಹಿಡಿಯಲು ಬಂದ ಯುವಕರನ್ನು ದಾಟಿ, ಮೆಟ್ಟಿಲುಗಳನ್ನು ತಾನೇ ಹತ್ತಿ, ತಂದೆಯ ಎದುರಿಗೆ ನಿಂತಳು. ಈಗ ಅಪ್ಪ ಏನು ಹೇಳುತ್ತಾನೋ ನೋಡೋಣ ಎಂದುಕೊಂಡಳು ಅವಳು.

ಇಸಾವೊ ಬಾಯಿ ತೆರೆದುಕೊಂಡು ನಿಂತದ್ದು ಒಂದೇ ಗಳಿಗೆ. ಮರುಗಳಿಗೆಯಲ್ಲಿ ಅವನ ಕಣ್ಣಲ್ಲಿ ನೀರು ಬಂತು, ನಿಜವಾದ ನೀರು.

"ನೋಡಿದ್ರಾ! ನಡೆದಳು! ನನ್ನ ಮಗಳು ನಿಮಗೋಸ್ಕರ ಎದ್ದು ನಡೆದಳು!"

ಇಡೀ ಸಭಾಂಗಣ ಎದ್ದು ನಿಂತಿತು. ಪರ್ಸಿಮನ್ ಕೊಟ್ಟಿದ್ದ ಮುದುಕಿ ಮುಂದಿನ ಸಾಲಿನಲ್ಲಿ ಕೈಜೋಡಿಸಿ ಬಿಕ್ಕುತ್ತಿದ್ದಳು. "ನಾನು ಆಟ ಬಿಡ್ತಿಲ್ಲ" ಎಂದು ಹೊನಾಮಿ ಗಟ್ಟಿಯಾಗಿಯೇ ಹೇಳಿದಳು. ಆದರೆ ಮೈಕು ಅಷ್ಟರಲ್ಲಿ ಓಬಾನ ಕೈಗೆ ಹೋಗಿತ್ತು, ಅವಳ ಮಾತು ಚಪ್ಪಾಳೆಯಲ್ಲಿ ಮುಳುಗಿಹೋಯಿತು. ಇಸಾವೊ ಅವಳ ಕೈಯನ್ನು ಹಿಡಿದು ಮೇಲಕ್ಕೆತ್ತಿದ. ಅವನ ಬಿಳಿ ಕೈಗವಸು ಬೆವರಿನಿಂದ ತೊಯ್ದು, ಬೇಯಿಸಿಟ್ಟ ಸ್ಕ್ವಿಡ್ ಮೀನಿನ ಹಾಗೆ ಬೆಚ್ಚಗೆ ಜಾರುತ್ತಿತ್ತು. ಹೊನಾಮಿ ಕೆಳಗಿಳಿದವಳೇ ಅಂಗೈಯನ್ನು ಪ್ಯಾಂಟಿಗೆ ಉಜ್ಜುತ್ತ ಹೊರಗೆ ಹೋದಳು.

ಇಸಾವೊ ಗೆದ್ದ. ಆಯ್ಕೆಯಾದ ಸದಸ್ಯರ ಪಟ್ಟಿಯಲ್ಲಿ ಕೊನೆಯವನಾಗಿಯಾದರೂ ಗೆದ್ದ. ಸೋಮವಾರ ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಕೈಯೆತ್ತಿ ಜಯಘೋಷ ಕೂಗಿದರು. ಗೆದ್ದ ಮೇಲೆ ಬರೆಯಲೆಂದು ಖಾಲಿ ಬಿಟ್ಟಿದ್ದ ಹರಕೆಯ ಕೆಂಪು ಬೊಂಬೆಯ ಕಣ್ಣಿಗೆ ಇಸಾವೊ ಮಸಿ ತುಂಬಿದ. ಫುಮಿಯೆ ಅವನ ಪಕ್ಕ ಮಂಡಿಯೂರಿ ಬಂದವರಿಗೆಲ್ಲ ಹಣೆ ನೆಲಕ್ಕೆ ತಾಗುವ ಹಾಗೆ ಬಾಗಿದಳು. ಊರಿನ ಪೇಪರಿನ ವರದಿಗಾರನೊಬ್ಬ ಪುಸ್ತಕ ಹಿಡಿದು ಅವಳ ಬಳಿ ಕೂತ.

"ಮಗಳು ಊರಿಗಾಗಿ ಆಟ ಬಿಟ್ಟಳು. ತಾಯಿಯಾಗಿ ನಿಮಗೆ ಏನನ್ಸುತ್ತೆ?"

ಫುಮಿಯೆ ಬಾಗಿದ್ದವಳು ನೆಟ್ಟಗೆ ಕೂತಳು.

"ಅವಳು ಬಿಟ್ಟಿಲ್ಲ. ಅದು ಸುಳ್ಳು."

"ಅಂದ್ರೆ... ಅಭ್ಯರ್ಥಿಗಳೇ ಹೇಳಿದ್ರಲ್ಲ?"

"ಅವರು ಹೇಳಿದ್ದೂ ಸುಳ್ಳು. ಬೆಳಿಗ್ಗೆ ಎದ್ದು ಓಡಿದ್ದೂ ಸುಳ್ಳು. ನಾನು ಅಕ್ಕಿ ವ್ಯಾನಲ್ಲಿ ಕರ್ಕೊಂಡು ಹೋಗ್ತಿದ್ದೆ. ಬರ್ಕೊಳ್ಳಿ."

ಇಸಾವೊ ನಗುತ್ತ ನಡುವೆ ಬಂದ. "ಪಾಪ, ತುಂಬ ದಿನದಿಂದ ನಿದ್ದೆಯಿಲ್ಲ ಇವಳಿಗೆ." ಆಮೇಲೆ ಹಲ್ಲು ಕಚ್ಚಿ, "ಏಯ್, ಒಳಗೆ ಹೋಗೇ" ಅಂದ.

"ಹೋಗ್ತೀನಿ ರೀ. ಇನ್ಮೇಲೆ ಈ ಕೋಣೆಗೆ ಬರೋದೂ ಇಲ್ಲ. ನಿಮ್ಮವರಿಗೆ ನೀವೇ ಟೀ ಮಾಡ್ಕೊಡಿ."

ಅವಳು ಎದ್ದು, ಅಂಗಡಿಗೆ ಹೋಗಿ, ಗಲ್ಲಾಪೆಟ್ಟಿಗೆಯ ಹಿಂದೆ ಕೂತಳು. ಬಂದ ಗಿರಾಕಿಗೆ ಅಕ್ಕಿ ಅಳೆಯುವಾಗ ಒಂದಿಷ್ಟು ಚೆಲ್ಲಿತು. ಪೇಪರಿನಲ್ಲಿ ಬಂದದ್ದು ಒಳಪುಟದಲ್ಲಿ ಎರಡೇ ಸಾಲು: ಆಟಗಾರ್ತಿ ಮುಂದುವರಿಯುತ್ತಾಳೆಂದು ಮನೆಯವರು ತಿಳಿಸಿದ್ದಾರೆ, ಅಷ್ಟೆ. ಆ ಎರಡು ಸಾಲನ್ನು ಕತ್ತರಿಸಿ ಸೆರಿಜಾವಾಗೆ ಕಳಿಸಿದವನು ಕೆಂಗೊ. ಕ್ಲಬ್ಬು ಒಂದೇ ವರ್ಷಕ್ಕೆ ಒಪ್ಪಿಕೊಂಡಿತು, ಅದೂ ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಹೊನಾಮಿ ಮತ್ತೆ ಮೂಲಂಗಿ ಜೋಡಿಸಲು ಹೋದಳು.

ಮುಂದಿನ ಶರತ್ಕಾಲಕ್ಕೆ ಅವಳು ಆಡುವಂತಾದಳು. ತಂಡ ಪಂದ್ಯವಾಡಲು ಪಕ್ಕದ ಪಟ್ಟಣಕ್ಕೆ ಬಂದಾಗ ನಗರಸಭಾ ಸದಸ್ಯ ಇಸಾವೊ ಬೆಂಬಲಿಗರನ್ನು ತುಂಬಿಸಿಕೊಂಡು ಬಸ್ಸು ತಂದ. ಮಗಳ ಪಂದ್ಯ ನೋಡಲು ಅವನು ಬಂದದ್ದು ಅದೇ ಮೊದಲು. ಒಳ್ಳೆಯ ಆಸನಗಳ ಸಾಲಿನಲ್ಲಿ ಓಬಾನ ಪಕ್ಕ ಕೂತ. ಬಸ್ಸಿನಲ್ಲಿ ಜಾಗವಿತ್ತೆಂದು ತೊಮಿಯೂ ಬಂದಿದ್ದಳು. ಫುಮಿಯೆ ಒಬ್ಬಳೇ ಅಕ್ಕಿ ವ್ಯಾನು ಓಡಿಸಿಕೊಂಡು ಬಂದು ಮೈದಾನದ ಆಚೆ ಬದಿಯ ಹುಲ್ಲಿನ ದಿಬ್ಬದ ಮೇಲೆ ಕೂತಿದ್ದಳು.

ಹೊನಾಮಿಯನ್ನು ಆಟಕ್ಕೆ ಇಳಿಸಿದ್ದು ಪಂದ್ಯ ಮುಗಿಯುತ್ತ ಬಂದಾಗ. ಮೊದಲ ಸಲ ಚೆಂಡು ಸಿಕ್ಕಾಗ ತಡವರಿಸಿ ಕಳೆದುಕೊಂಡಳು. ಎರಡನೆಯ ಸಲ ಒಬ್ಬಳನ್ನು ತಪ್ಪಿಸಿ ನೇರವಾಗಿ ಹೊಡೆದಳು. ಚೆಂಡು ಕಂಬದ ಒಳಮೈಗೆ ಬಡಿದು ಬಲೆಗೆ ಬಿತ್ತು. ಅವಳು ಆಸನಗಳ ಕಡೆ ನೋಡಲೂ ಇಲ್ಲ. ಕೈ ಚಾಚಿಕೊಂಡು ಆಚೆ ಬದಿಗೆ, ದಿಬ್ಬದ ಕಡೆಗೆ ಓಡಿದಳು.

ಇಸಾವೊ ಎದ್ದು ನಿಂತು ಹಿಂದಿನ ಸಾಲಿಗೆ ತಿರುಗಿದ. "ನೋಡಿದ್ರಾ ಆ ಎಡಗಾಲು? ಎಡಗಾಲಲ್ಲೇ ಒದೀಬೇಕು ಅಂತ ಚಿಕ್ಕವಳಿದ್ದಾಗ ಕೂರಿಸ್ಕೊಂಡು ಕಲಿಸಿದ್ದೆ!"

"ಒದ್ದಿದ್ದು ಬಲಗಾಲಲ್ಲಿ ಕಣೋ" ಅಂದಳು ತೊಮಿ. "ಅವಳು ಯಾವತ್ತೂ ಒದೆಯೋದು ಬಲಗಾಲಲ್ಲೇ."

"ಇಷ್ಟು ದೂರಕ್ಕೆ ಯಾರಿಗಮ್ಮ ಗೊತ್ತಾಗುತ್ತೆ?"

ಹಿಂದಿನ ಸಾಲಿನವರು ಎದ್ದು ನಿಂತು ಎಡಗಾಲಿಗೆ ಚಪ್ಪಾಳೆ ತಟ್ಟಿದರು.